ಹೊರಬೀಡಿನ ದಿನ ಎತ್ತಿದ ಫೋನು

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಹುಬ್ಬಳ್ಳಿಯಿಂದ ಸುತ್ತಲಿನ ತಾಲೂಕುಗಳ ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ದುರಸ್ತಿ ಮಾಡುತ್ತ ತಿರುಗುತ್ತಿದ್ದೆ. ಹಳ್ಳಿಯ ಎಕ್ಸ್‌ಚೇಂಜ್ ಅಂದರೆ ಬಾಡಿಗೆಯ ಒಂದು ಕೋಣೆ, ಅದರೊಳಗೆ ಆಳೆತ್ತರದ ಕಬ್ಬಿಣದ ಕಪಾಟು, ನೆಲದ ಮೇಲೆ ಬ್ಯಾಟರಿಗಳ ಸಾಲು. ಊರಿನಲ್ಲಿದ್ದ ನಾಲ್ಕಾರು ಫೋನುಗಳ ತಂತಿಗಳೆಲ್ಲ ಆ ಕಪಾಟಿಗೆ ಬಂದು ಸೇರುತ್ತಿದ್ದವು. ಅದನ್ನು ನೋಡಿಕೊಳ್ಳಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಕೆಟ್ಟರೆ ನಾವು ಹೋಗಬೇಕು, ಅದೂ ಆಗಿಂದಾಗ. ನನ್ನ ಹೆಂಡತಿ ಬಾಗಿಲ ಹಿಂದೆ ಒಂದು ಚೀಲವನ್ನು ಸದಾ ತುಂಬಿಸಿಡುತ್ತಿದ್ದಳು. ಒಂದು ಜೊತೆ ಬಟ್ಟೆ, ವಾರಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ. ಎಷ್ಟೋ ಸಲ ಆ ಚೀಲ ಬಿಚ್ಚದೆಯೇ ಮತ್ತೊಂದು ಊರಿಗೆ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಗಾಳಿಗೆ ಕಲಘಟಗಿ ಕಡೆ ಕಂಬಗಳು ಉರುಳಿದ್ದವು. ದುಮ್ಮವಾಡದ ಹತ್ತಿರ ತಂತಿ ಎಳೆಸಿ, ಲಾರಿಯೊಂದರಲ್ಲಿ ನಿಂತುಕೊಂಡೇ ಹುಬ್ಬಳ್ಳಿಗೆ ಬಂದು, ಇನ್ನೂ ಮೈಮೇಲೆ ನೀರು ಹಾಕಿಕೊಂಡಿರಲಿಲ್ಲ. ಆಫೀಸಿನ ಜವಾನ ಬಾಗಿಲಲ್ಲಿ ಬಂದು ನಿಂತ. ನವಲಗುಂದದ ಆಚೆ, ಬೆಣ್ಣಿಹಳ್ಳದ ದಂಡೆಯ ಊರೊಂದರಲ್ಲಿ ಎಕ್ಸ್‌ಚೇಂಜ್ ಕೆಟ್ಟಿದೆಯಂತೆ. ಸುತ್ತಲಿನ ಹಳ್ಳಿಗಳಲ್ಲಿ ವಾಂತಿ-ಭೇದಿ ಹಬ್ಬಿತ್ತು. ಆ ಊರಿನ ಸುದ್ದಿ ತಿಳಿಯಲು ನವಲಗುಂದದ ಡಾಕ್ಟರು ಬೆಳಗಿನಿಂದ ಫೋನು ಹಚ್ಚಿಸುತ್ತಿದ್ದರು. ಊರಿನ ಎಲ್ಲ ನಂಬರುಗಳಿಗೂ ಗಂಟೆ ಹೋಗುತ್ತಿತ್ತು, ಒಂದನ್ನೂ ಯಾರೂ ಎತ್ತುತ್ತಿರಲಿಲ್ಲ. ಗಂಟೆ ಮನೆಗಳಿಗೆ ತಲುಪುತ್ತಿಲ್ಲ, ಯಂತ್ರವೇ ಸುಳ್ಳು ಸದ್ದು ಮಾಡುತ್ತಿದೆ ಎಂದು ನಮ್ಮ ಸಾಹೇಬರು ತೀರ್ಮಾನಿಸಿದ್ದರು. ಮೈ ತೊಳೆಯದೆ, ಅದೇ ಅಂಗಿಯಲ್ಲಿ ನವಲಗುಂದದ ಬಸ್ಸು ಹಿಡಿದೆ.

ಅಲ್ಲಿಂದ ಮುಂದಿನ ಬಸ್ಸು ನನ್ನನ್ನು ಕೂಡುರಸ್ತೆಯಲ್ಲಿ ಇಳಿಸಿತು. ಎರಡೂ ಕಡೆ ಬಿರುಕು ಬಿಟ್ಟ ಎರೆಭೂಮಿ, ಕಿತ್ತು ಒಟ್ಟಿದ ಹತ್ತಿಕಟ್ಟಿಗೆ, ನೆತ್ತಿಯ ಮೇಲೆ ಸೂರ್ಯ. ಊರು ಕಾಣಿಸುತ್ತಿತ್ತು, ಆದರೆ ಊರಿನ ಸದ್ದು ಇರಲಿಲ್ಲ. ಊರ ಬಾಯಿಗೆ ಬಂದಾಗ ರಸ್ತೆಗೆ ಅಡ್ಡಲಾಗಿ ಜಾಲಿಯ ಮುಳ್ಳು ಎಳೆದಿದ್ದರು. ಅದರ ಮುಂದೆ ಕುಂಕುಮ ಹಚ್ಚಿದ ನಿಂಬೆಹಣ್ಣು, ಬೇವಿನ ಸೊಪ್ಪು, ಒಡೆದ ಗಡಿಗೆ.

ಆಗ ತಿಳಿಯಿತು, ಊರು ಹೊರಬೀಡು ಹೋಗಿದೆ ಎಂದು. ರೋಗ ಹಬ್ಬಿದಾಗ ಊರದೇವಿಯನ್ನು ಒಳಗೆ ಒಬ್ಬಳನ್ನೇ ಬಿಟ್ಟು ಊರಿಗೆ ಊರೇ ಹೊಲಗಳಿಗೆ ಹೋಗಿಬಿಡುವ ಪದ್ಧತಿಯನ್ನು ನಮ್ಮವ್ವ ಹೇಳಿದ್ದಳು. ದನಕರು, ನಾಯಿ, ಕೋಳಿ, ಹಾಸಿಗೆ ಹಿಡಿದವರು, ಯಾರೂ ಒಳಗೆ ಉಳಿಯುವಂತಿಲ್ಲ. ಹೊತ್ತು ಮುಳುಗುವತನಕ ಬೀದಿಗಳಲ್ಲಿ ಆಕೆ ಒಬ್ಬಳೇ ಓಡಾಡುತ್ತಾಳೆ. ಎದುರಿಗೆ ಸಿಕ್ಕವರ ಗತಿಯನ್ನು ಅವ್ವ ಎಂದೂ ಪೂರ್ತಿ ಹೇಳುತ್ತಿರಲಿಲ್ಲ.

ಹಿಂತಿರುಗಬಹುದಿತ್ತು. ಆದರೆ ಯಂತ್ರ ನೋಡದೆ ಹೋದರೆ ಸಾಹೇಬರಿಗೆ ಏನು ಹೇಳುವುದು? ಮುಳ್ಳು ದಾಟದೆ ಬಾಜು ಹಿತ್ತಲಿನಿಂದ ಒಳಗೆ ಹೋದೆ. ಎಲ್ಲ ಬಾಗಿಲುಗಳಿಗೂ ಕೀಲಿ. ದನ ಕಟ್ಟುವ ಗ್ವಾದಲಿಗಳು ಖಾಲಿ. ಬಾವಿಯ ಗಾಲಿಯಲ್ಲಿ ಹಗ್ಗ ಹಾಗೆಯೇ ಜೋತಿತ್ತು. ಅಷ್ಟರಲ್ಲಿ ಒಂದು ಮನೆಯೊಳಗೆ ಫೋನು ಬಾರಿಸತೊಡಗಿತು. ಬಹಳ ಹೊತ್ತು ಬಾರಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಓಣಿಯ ಮನೆಯಲ್ಲಿ. ಆಮೇಲೆ ಪಂಚಾಯತಿ ಕಟ್ಟೆಯ ಹಿಂದೆ. ಡಾಕ್ಟರು ಒಂದೊಂದೇ ನಂಬರು ಹಚ್ಚಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಆದರೂ ಯಾರೋ ಮನೆಯಿಂದ ಮನೆಗೆ ಹೋಗುತ್ತ, ನಾನಿದ್ದ ಕಡೆಗೇ ಬರುತ್ತಿದ್ದಾರೆ ಅನ್ನಿಸಿ ಬೇಗ ಬೇಗ ಹೆಜ್ಜೆ ಹಾಕಿದೆ.

ಎಕ್ಸ್‌ಚೇಂಜಿನ ಕೋಣೆಯ ಕೀಲಿಕೈ ನನ್ನ ಬಳಿಯೇ ಇತ್ತು. ಒಳಗೆ ಎಲ್ಲವೂ ಸರಿಯಾಗಿತ್ತು. ಎತ್ತುವವರು ಊರಲ್ಲಿಲ್ಲ ಎನ್ನುವುದಷ್ಟೇ ದೋಷ. ನವಲಗುಂದಕ್ಕೆ ತಿಳಿಸಿ ಹೊರಡೋಣ ಎಂದು ಕೈ ಒರೆಸಿಕೊಳ್ಳುತ್ತಿದ್ದಾಗ ಕಪಾಟಿನಲ್ಲಿ ಟಕ್ ಎಂದು ಸದ್ದಾಯಿತು. ತಂತಿ ಹುಡುಕುವ ಲೋಹದ ಮುಳ್ಳು ಗರಗರ ತಿರುಗಿ ಒಂದು ಮನೆಯ ತಂತಿಯ ಮೇಲೆ ಬಂದು ನಿಂತಿತು. ಊರೊಳಗೆ ಯಾರೋ ಫೋನು ಎತ್ತಿದ್ದರು.

ಪರೀಕ್ಷೆಯ ಫೋನನ್ನು ಆ ತಂತಿಗೆ ಸಿಕ್ಕಿಸಿ ಕಿವಿಗೆ ಹಿಡಿದೆ. ಡಯಲಿನ ಗುಂಯ್ ಎನ್ನುವ ಸದ್ದಿನ ಕೆಳಗೆ ಉಸಿರಾಟ ಕೇಳಿಸಿತು. ದೊರಗು, ಬಹಳ ನಿಧಾನ. ಹಲೋ ಎಂದೆ. ತಂತಿ ಕಿತ್ತುಬಿಡಬೇಕು ಅನ್ನಿಸಿತು. ಆಗ ಒಂದು ಹೆಣ್ಣು ದನಿ ಬಂತು.

"ನೀರು."

ಅಂಜಿಕೆ ಪೂರ್ತಿ ಹೋಯಿತು ಎನ್ನಲಾರೆ. ಆದರೆ ನೀರು ಕೇಳುವವರು ಮನುಷ್ಯರೇ ಎಂದುಕೊಂಡೆ. ಹೊರಗೆ ಬಂದು ಕಂಬದಿಂದ ಕಂಬಕ್ಕೆ ಆ ತಂತಿಯನ್ನೇ ನೋಡುತ್ತ ಓಡಿದೆ. ಅದು ಕಾಳಿನ ವ್ಯಾಪಾರಿಯೊಬ್ಬರ ಮನೆಯ ಗೋಡೆಗೆ ಹೋಗಿ ಸೇರಿತ್ತು. ಬಾಗಿಲಿಗೆ ಹೊರಗಿನಿಂದ ದೊಡ್ಡ ಕೀಲಿ. ಕಿಟಕಿಯ ಸರಳಿಗೆ ಮುಖ ಹಚ್ಚಿ ನೋಡಿದರೆ ಪಡಸಾಲೆಯ ಕತ್ತಲಲ್ಲಿ, ಹಳೆಯ ಜಮಖಾನೆಯ ಮೇಲೆ, ನಲವತ್ತರ ಆಜುಬಾಜಿನ ಹೆಂಗಸು ಒರಗಿದ್ದಳು. ರಿಸೀವರು ಎದೆಯ ಮೇಲಿತ್ತು. ಕಣ್ಣುಗಳು ಒಳಗೆ ಹೋಗಿದ್ದವು.

"ಯಾರದು?" ಎಂದಳು. "ಮನಶ್ಯಾರೋ, ಏನು ಆಕೀನ ಬಂದಳೋ?"

"ನಾ ಮನಶ್ಯಾನರೀ ಅಕ್ಕಾರ. ಫೋನ್ ರಿಪೇರಿಯಾಂವ. ಇಲ್ಲೆ ಕಿಟಕಿ ಕಡೆ ಬರ್ರಿ, ನೀರು ಕೊಡ್ತೇನಿ."

ಆಕೆ ತೆವಳುತ್ತ ಬಂದಳು. ನನ್ನ ಬಾಟಲಿಯನ್ನು ಸರಳಿನೊಳಗೆ ತೂರಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಮಾತು ತುಂಡು ತುಂಡಾಗಿ ಬಂತು. ಆಕೆ ಆ ವ್ಯಾಪಾರಿಯ ತಂಗಿ, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದವಳು. ನಸುಕಿನಲ್ಲಿ ವಾಂತಿ ಶುರುವಾಗಿತ್ತು. ಗೊತ್ತಾದರೆ ರೋಗ ಮೊದಲು ಇವರ ಮನೆಗೇ ಬಂತು ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂದು ಹಿತ್ತಲ ಕೋಣೆಯಲ್ಲಿ ಅಡಗಿದಳು. ಗಂಡಸರು ಆಕೆ ಹೆಂಗಸರ ಚಕ್ಕಡಿಯಲ್ಲಿದ್ದಾಳೆ ಎಂದುಕೊಂಡರು, ಹೆಂಗಸರು ಹಿಂದಿನ ಚಕ್ಕಡಿಯಲ್ಲಿ ಬರುತ್ತಾಳೆ ಎಂದುಕೊಂಡರು. ನೀರಿನ ಕೊಡಗಳೂ ಚಕ್ಕಡಿ ಏರಿದವು, ಬಾಗಿಲಿಗೆ ಕೀಲಿ ಬಿತ್ತು. ಬೆಳಗಿನಿಂದ ಬಿಟ್ಟು ಬಿಟ್ಟು ಬಾರಿಸುತ್ತಿದ್ದ ಫೋನನ್ನು, ದೇವಿಯೇ ಕರೆಯುತ್ತಿದ್ದಾಳೆಂದು ಮುಟ್ಟಲು ಅಂಜಿ, ಕೊನೆಗೆ ಅದು ನಿಂತ ಮೇಲೆ ಬಾಯಾರಿಕೆ ತಾಳದೆ ಎತ್ತಿದ್ದಳು.

ಮತ್ತೆ ಎಕ್ಸ್‌ಚೇಂಜಿಗೆ ಓಡಿ ಫೋನಿನಲ್ಲಿ ನವಲಗುಂದದ ಡಾಕ್ಟರನ್ನು ಹಿಡಿದೆ. ಜೀಪು ಹೊರಡಿಸುತ್ತೇನೆ, ನೀರು ಕುಡಿಸುತ್ತಿರಿ, ಬಾಗಿಲು ತೆರೆಸಿ ಇಡಿ ಎಂದರು. ಬಾಟಲಿ ತುಂಬಿ ಆಕೆಯ ಕೈಗೆ ಕೊಟ್ಟು, ಹಳ್ಳದ ದಂಡೆಯಲ್ಲಿ ಹೊಗೆ ಕಾಣುತ್ತಿದ್ದ ಕಡೆಗೆ ಹೊರಟೆ.

ಜನ ಬೇವಿನ ಮರಗಳ ಕೆಳಗೆ ಅಡುಗೆಗೆ ಕೂತಿದ್ದರು. ನನ್ನನ್ನು ಮೊದಲು ಕಂಡ ಹೆಂಗಸು ಕೈಯಲ್ಲಿದ್ದ ಹಿಟ್ಟನ್ನು ಕೆಳಗಿಟ್ಟು ಎದ್ದು ನಿಂತಳು. ಎರಡು ದಿನದಿಂದ ಸ್ನಾನವಿಲ್ಲದ, ಕೆದರಿದ ತಲೆಯ ಅಪರಿಚಿತನೊಬ್ಬ ಖಾಲಿ ಊರಿನ ಒಳಗಿನಿಂದ ನಡೆದು ಬರುತ್ತಿದ್ದ. ತಾಯಂದಿರು ಮಕ್ಕಳ ಮುಖವನ್ನು ಸೆರಗಿನಲ್ಲಿ ಮುಚ್ಚಿದರು. ಆ ದೃಷ್ಟಿಗಳನ್ನು ನಾನು ಇಂದಿಗೂ ಮರೆತಿಲ್ಲ; ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ನಾನೇ ತಿರುಗಿ ನೋಡಿದೆ.

ನಾನು ಯಾರೆಂದು ಹೇಳಿ, ವ್ಯಾಪಾರಿಯನ್ನು ಕರೆದು, ತಂಗಿಯ ಸುದ್ದಿ ತಿಳಿಸಿದೆ. ಆತ ಚಕ್ಕಡಿಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ತಮ್ಮ ಚಕ್ಕಡಿಯಲ್ಲೂ ತಂಗಿ ಇರಲಿಲ್ಲವೆಂದು ಹೆಂಡತಿ ತಲೆಯಾಡಿಸಿದಳು.

ಪೂಜಾರಿ ಮುಂದೆ ಬಂದು, ಹೊತ್ತು ಮುಳುಗುವ ಮೊದಲು ಯಾರೂ ಒಳಗೆ ಹೋಗಕೂಡದು, ಒಬ್ಬರಿಗಾಗಿ ಇಡೀ ಊರಿಗೆ ಕೇಡು ತರಬಾರದು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಒಳಗ ಇದ್ದಾಕಿ ನನ್ನ ತಂಗಿರಿ," ಎಂದ ವ್ಯಾಪಾರಿ. "ಆಕಿ ಬಿಟ್ಟು ನನಗ ಯಾವ ಊರು?" ಸೊಂಟದ ಕೀಲಿಕೈ ಬಿಚ್ಚಿಕೊಳ್ಳುತ್ತ ನನ್ನತ್ತ ತಿರುಗಿ, "ನಡೀರಿ, ಹೋಗೂಣು," ಎಂದ.

ಮುಳ್ಳನ್ನು ಆತ ಬರಿಗಾಲಿನಲ್ಲೇ ತುಳಿದು ದಾಟಿದ. ಜೀಪು ಬಂದಾಗ ಆಕೆಯ ತಲೆ ಅಣ್ಣನ ತೊಡೆಯ ಮೇಲಿತ್ತು. ನವಲಗುಂದದಲ್ಲಿ ಸಲಾಯಿನ್ ಹಚ್ಚಿದರು, ಬದುಕಿದಳು. ಅದೇ ಜೀಪಿನಲ್ಲಿ ಊರಿನವರಿಗೆ ಕೊಡಲು ಗುಳಿಗೆಗಳೂ ಬಂದಿದ್ದವು. ನನಗೆ ಮಾತ್ರ ಅಲ್ಲಿ ಕೂತು ನೋಡುವ ಪುರುಸೊತ್ತು ಇರಲಿಲ್ಲ. ಮರುದಿನ ಬೆಳಿಗ್ಗೆ ಕುಂದಗೋಳದಲ್ಲಿ ಬ್ಯಾಟರಿ ಕೈಕೊಟ್ಟಿತ್ತು.

ಮಳೆಗಾಲದಲ್ಲಿ ಮಾಮೂಲು ತಪಾಸಣೆಗೆ ಆ ಊರಿಗೆ ಹೋದಾಗ ಅಣ್ಣ ತಂಗಿ ಇಬ್ಬರೂ ನನ್ನನ್ನು ಬಿಡದೆ ಮನೆಗೆ ಕರೆದೊಯ್ದರು. ಆಕೆ ತುಸು ಮೈ ತುಂಬಿಕೊಂಡಿದ್ದಳು. ಚಹಾ ಕೊಟ್ಟು, ಅಣ್ಣ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು, ಆ ದಿನ ನಾನು ಹಲೋ ಎನ್ನುವ ಮೊದಲು ಫೋನಿನಲ್ಲಿ ಮಾತಾಡಿದ ಹೆಂಗಸು ಯಾರು ಎಂದು. ಎತ್ತಿದ ಕೂಡಲೇ ಒಬ್ಬಳು, ಅಂಜಬ್ಯಾಡ, ಮಲಗಬ್ಯಾಡ, ಬರ್ತಾರ ಎಂದು ಹೇಳುತ್ತಲೇ ಇದ್ದಳಂತೆ.

ನಾನು ಫೋನು ಕಿವಿಗೆ ಹಿಡಿದಾಗ ಆ ತಂತಿಯಲ್ಲಿ ಆಕೆಯ ಉಸಿರು ಮತ್ತು ಡಯಲಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಒಮ್ಮೊಮ್ಮೆ ಬಾಜು ತಂತಿಯ ಮಾತು ಇದರೊಳಗೆ ಹಾಯುತ್ತದೆ, ನವಲಗುಂದದ ಆಪರೇಟರ್ ಹೆಂಗಸು ಬೇರೆ ಯಾರಿಗೋ ಹೇಳಿದ್ದು ಕೇಳಿಸಿರಬೇಕು ಎಂದೆ.

"ಇರಬಹುದ್ರಿ," ಎಂದಳು. "ಆದ್ರ ಆಕಿ ನನ್ನ ಹೆಸರು ಹಿಡದ ಕರದಳ್ರಿ."

ಚಹಾ ಮುಗಿಸಿ, ಹೋಗುವ ಮುನ್ನ ಆ ತಂತಿಯನ್ನು ತುದಿಯಿಂದ ತುದಿಗೆ ಮತ್ತೊಮ್ಮೆ ಪರೀಕ್ಷಿಸಿದೆ. ಬೇರೆ ಯಾವ ತಂತಿಯೂ ಅದಕ್ಕೆ ತಾಗಿರಲಿಲ್ಲ.