ಸಾಹೇಬರ ಮಾತಿಗೆ ನನ್ನ ಕನ್ನಡ

ಗೋವೆಯ ಮಂಗೋರ್ ಹಿಲ್ ಎಂಬ ನಮ್ಮ ಗುಡ್ಡಕ್ಕೆ, ಚುನಾವಣೆಗೆ ನಿಂತಿದ್ದ ಸಾಹೇಬರು ಭಾಷಣಕ್ಕೆ ಬಂದಾಗಲೆಲ್ಲ ಅವರ ಪಕ್ಕದಲ್ಲಿ ಇನ್ನೊಂದು ಮೈಕು ಹಿಡಿದು ನಿಲ್ಲುತ್ತಿದ್ದವನು ನಾನು. ಅವರು ಕೊಂಕಣಿಯಲ್ಲಿ ಎರಡು ಮಾತು ಆಡುವುದು, ಊರಿನಿಂದ ಹೊಸದಾಗಿ ಬಂದ ನಮ್ಮ ಮಂದಿಗೆ ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಮೆಟ್ರಿಕ್ ಮುಗಿಸಿ ಬಂದರಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನಿಗೆ ಆ ಮೈಕು ದೊಡ್ಡ ಮರ್ಯಾದೆಯಾಗಿ ಕಂಡಿತ್ತು.

ಸಾಹೇಬರು ಕೆಟ್ಟವರು ಎಂದು ಬರೆದು ನಾನು ಕೈತೊಳೆದುಕೊಳ್ಳಲಾರೆ. ನನ್ನ ಹೆಂಡತಿಗೆ ಉಸಿರು ಕಟ್ಟಿದಾಗ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರು ಬರುವವರೆಗೆ ಕಾಯ್ದು ಕೂತವರು ಅವರು.

ಆದರೆ ಅವರ ಬಳಿ ಎರಡು ಭಾಷಣಗಳಿದ್ದವು. ನಮ್ಮ ಗುಡ್ಡದ ಮೇಲೆ ನಾವು ಅವರ ಅಣ್ಣತಮ್ಮಂದಿರು. ನಮ್ಮವರು ಹೆಚ್ಚಿಲ್ಲದ ಫಾತೋರ್ಡಾದ ಸಭೆಯಲ್ಲಿ ಮಾತ್ರ, ಹೊರಗಿನವರು ಗೋವೆಯ ರಸ್ತೆಗಳನ್ನೇ ನುಂಗಿದ್ದಾರೆ, ಆರಿಸಿ ಬಂದರೆ ರಸ್ತೆಬದಿಯಲ್ಲಿ ಅವರ ಒಂದು ಕೈಗಾಡಿಯನ್ನೂ ಬಿಡುವುದಿಲ್ಲ ಎಂದರು. ಪಕ್ಷದ ಉಳಿದವರೂ ಒಬ್ಬರಾದ ಮೇಲೊಬ್ಬರು ಅದನ್ನೇ ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಅವರ ಕಾರಿನಲ್ಲಿ ವಾಪಸು ಬರುವಾಗ ಸಾಹೇಬರು ನನ್ನ ತೊಡೆ ತಟ್ಟಿ, ಇದೆಲ್ಲ ಚುನಾವಣೆಯ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ನಕ್ಕರು. ನಾನೂ ನಕ್ಕೆ.

ನಮ್ಮ ಓಣಿಯ ತಿರುವಿನಲ್ಲಿ ಗದಗಿನ ಕಡೆಯ ವಿಧವೆಯೊಬ್ಬಳು ಕೈಗಾಡಿಯಲ್ಲಿ ರೊಟ್ಟಿ ಮಾರುತ್ತಿದ್ದಳು. ಅವಳಿಗೆ ಬರುತ್ತಿದ್ದ ಕೊಂಕಣಿ ರೇಟು ಹೇಳುವಷ್ಟು. ಮರುದಿನ ಆ ಭಾಷಣದ ವಿಡಿಯೊ ಹಿಡಿದುಕೊಂಡು ಬಂದಳು.

"ಕಾಕಾ, ಇಂವ ಗಾಡಿ ಗಾಡಿ ಅಂತ ಒದರಾಕತ್ತಾನಲ್ರಿ, ನಮ್ಮ ಸುದ್ದೀನ ಏನು? ಹಿಟ್ಟಿನ ಗಿರಣಿಯವ್ರು ತಮ್ಮ ಕಟ್ಟಿ ಮ್ಯಾಲೆ ಒಂದೀಟು ಜಾಗಾ ಕೊಡ್ತೇವಿ ಅಂದಾರ. ಇವತ್ತ ಹೂಂ ಅನ್ನಲಿಲ್ಲಂದ್ರ ಚಹಾದವಗ ಕೊಡ್ತಾರಂತ. ಹೋಗಲ್ಯೋ ಬ್ಯಾಡೋ?"

"ಏ, ಅದು ಬೀಚಿನ ಮ್ಯಾಲಿನ ಗಾಡಿ ಸುದ್ದಿ ಬಿಡವ್ವಾ. ನಿನ್ನ ಗಾಡಿ ಯಾರ್ ಮುಟ್ಟತಾರ? ನಾ ಇಲ್ಲೇ ಅದೀನಲ್ಲ!"

"ನೀವು ಅಂದ್ರ ಮುಗೀತ್ರಿ," ಎಂದು ಹೋದಳು.

ಸಾಹೇಬರು ಗೆದ್ದರು. ಕೆಲವೇ ದಿನಗಳಲ್ಲಿ ಗಾಡಿ ಎತ್ತಲು ಮುನಿಸಿಪಾಲಿಟಿಯ ಲಾರಿ ಬಂತು. ತನ್ನ ಗಾಡಿಯನ್ನು ಎತ್ತುವಾಗ ರೊಟ್ಟಿಯವಳು ಗಾಲಿ ಹಿಡಿದು ಜೋತುಬಿದ್ದಳು; ನಾದಿದ ಹಿಟ್ಟು ಅಗಲ ತಟ್ಟೆಯ ಸಮೇತ ರಸ್ತೆಗೆ ಬಿತ್ತು. ಗಿರಣಿಯ ಕಟ್ಟೆಯ ಮೇಲೆ ಆಗಲೇ ಚಹಾದವನ ಸ್ಟೋವ್ ಉರಿಯುತ್ತಿತ್ತು. ಸಾಹೇಬರಿಗೆ ಫೋನು ಮಾಡಿದೆ. ಎತ್ತಿದ ಹುಡುಗ, ಮೀಟಿಂಗಿನಲ್ಲಿದ್ದಾರೆ ಎಂದ.

ಸಂಜೆ ಅವಳ ಬಾಗಿಲಿಗೆ ಹೋದೆ. "ಅವತ್ತ ನಂಗ ಖರೇ ಗೊತ್ತಿತ್ತವ್ವಾ. ಸುಳ್ಳ ಹೇಳಿದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನ ಮಾತು ನಂಗ ತಿಳೀತಿರಲಿಲ್ಲ, ಹೋಗ್ಲಿ. ನಿಮ್ಮ ಮಾತು ತಿಳೀತಿತ್ತಲ್ರಿ ಕಾಕಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಮ್ಮ ಗುಡ್ಡದ ಮೇಲೆ ನಡೆದ ಗೆದ್ದವರ ಕೃತಜ್ಞತಾ ಸಭೆಗೆ ಮತ್ತೆ ನನ್ನನ್ನೇ ಕರೆದರು. ನೀವೆಲ್ಲ ನನ್ನ ಮನೆಯವರು ಎಂದು ಸಾಹೇಬರು ಕೈಮುಗಿದರು. ನಾನು ಮೈಕು ಬಾಯಿಗೆ ಹಿಡಿದೆ. "ಸಾಹೇಬರು ನಿಮಗ ಮನಿಯವರು ಅಂದ್ರು. ಫಾತೋರ್ಡಾದಾಗ ನಿಮ್ಮ ಗಾಡಿ ಎತ್ತಸ್ತೇನಿ ಅಂದಿದ್ರು. ಅದನ್ನ ನಾ ಮುಚ್ಚಿಟ್ಟೆ. ತಪ್ಪು ನಂದೂ ಐತಿ."

ಚಪ್ಪಾಳೆ ಬೀಳಲಿಲ್ಲ. ಕನ್ನಡ ಬಾರದ ಸಾಹೇಬರು ಮುಗಿದ ಕೈ ಹಾಗೇ ಹಿಡಿದು, ನಗುತ್ತಲೇ ಕಾಯ್ದರು. ಆ ಗಳಿಗೆ ಅವರನ್ನು ನೋಡಿ ಪಾಪ ಎನಿಸಿತು. ಏನು ಹೇಳಿದೆ ಎಂದು ಕೇಳಿದರು. ಹೇಳಿದ್ದನ್ನು ಕೊಂಕಣಿಯಲ್ಲಿ ಅವರಿಗೂ ತಿಳಿಸಿದೆ. ಅವರ ಕಾರು ಆಮೇಲೆ ನಮ್ಮ ಓಣಿಗೆ ಬಂದಿಲ್ಲ.

ಜನ ಚೆದುರುವಾಗ ಹಿಂದೆ ನಿಂತಿದ್ದ ರೊಟ್ಟಿಯವಳು ನನ್ನ ಬಳಿ ಬಂದಳು. ಈಗ ಅವಳು ರೊಟ್ಟಿಯ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಾಳೆ.

"ಭಾಳ ತಡಾ ಮಾಡಿದ್ರಿ," ಎಂದಳು. "ಬರ್ರಿ, ಬುಟ್ಟಿಗೆ ಕೈ ಹಚ್ಚ್ರಿ. ಇನ್ನೂ ನಾಕು ಮನಿ ಅದಾವ."

ಎತ್ತಿ ಅವಳ ತಲೆಯ ಮೇಲಿಟ್ಟೆ. ಬುಟ್ಟಿಯಡಿಯ ಬಟ್ಟೆಯ ಸಿಂಬಿ ಸರಿಮಾಡಿಕೊಂಡು ಇಳಿಜಾರಿನಲ್ಲಿ ಹೊರಟಳು.