ಅಕ್ಕನಿಗೆ ಮಾತ್ರ ಬಂದ ಸಂದೇಶ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಕೆಲಸದವರು ನಲವತ್ತೆರಡು ಮಂದಿ. ಯಾರಿಗೂ ಕಿವಿ ಕೇಳಿಸದು. ಅವರ ಪಾಳಿ ಗೊತ್ತುಮಾಡುವ ಗುಮಾಸ್ತೆಗೆ ಕೇಳಿಸುತ್ತದೆ. ಆದರೆ ಇಸ್ತ್ರಿ ಯಂತ್ರದ ಮುಂದೆ ನಿಲ್ಲುವವಳು ಅವಳ ಒಡಹುಟ್ಟಿದ ಅಕ್ಕ. ಹಾಗಾಗಿ ಕೈಮಾತು ಅವಳಿಗೆ ಬಾಯಿಮಾತಿನ ಜತೆಗೇ ಬಂತು. ಹದಿನೇಳು ವರ್ಷದ ಹಿಂದೆ ಕೆಲಸ ಸಿಕ್ಕಿದ್ದೂ ಅದರಿಂದಲೇ.

ಇವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಚಾಟ್ ಗುಂಪು ಮಾಡಿ ನೋಡಿದಳು; ಶುಭೋದಯದ ಹೂಗಳ ರಾಶಿಯಲ್ಲಿ ಪಾಳಿಯ ಸುದ್ದಿ ಹೂತುಹೋಯಿತು. ಹಾಗಾಗಿ ದಿನವೂ ಒಬ್ಬೊಬ್ಬರಿಗೇ ಟೈಪ್ ಮಾಡಬೇಕು. ಹೆಬ್ಬೆರಳ ಬುಡ ಊದಿಕೊಂಡು ಡಾಕ್ಟರು ಪಟ್ಟಿ ಕಟ್ಟಿದ ಮೇಲೆ ಆಕೆ ವೀಡಿಯೊ ನೋಡಿ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿತಳು. ಚಾಟ್ ಸಂದೇಶ ಕಳಿಸಲು ಯಾರೋ ಬರೆದಿಟ್ಟ ಸಿದ್ಧ ಕೋಡ್, ‘ಲೈಬ್ರರಿ’, ಸಿಕ್ಕಿತು. ಮೂವತ್ತೊಂದು ಸಾಲಿನ ಅವಳ ಪ್ರೋಗ್ರಾಂ, ಕೆಲಸದವರ ಹೆಸರಿನ ಪಟ್ಟಿ ಓದಿ, ಚಾಟ್ ಕಂಪನಿ ಪ್ರೋಗ್ರಾಂಗಳಿಗೆಂದೇ ತೆರೆದಿಟ್ಟ ಬಾಗಿಲಾದ ಎಪಿಐ ಮೂಲಕ, ಲಾಂಡ್ರಿಯ ಹೊಸ ನಂಬರಿನಿಂದ ಎಲ್ಲರಿಗೂ ಕಳಿಸುತ್ತದೆ.

ಪರೀಕ್ಷೆಗೆ ಸಿಕ್ಕವಳು ಜತೆಗೇ ಇರುವ ಅಕ್ಕ. ಹೊಸ ನಂಬರಿಗೆ ಮೊದಲು ‘ಹಲೋ’ ಬರೆದವಳೂ ಅವಳೇ. ಒಂದು ವಾರ ಪ್ರತಿ ಸಲವೂ ಅಕ್ಕನ ಫೋನ್ ನಡುಗಿತು, ಪ್ರತಿ ಸಲವೂ ಅವಳು ಆ ನಂಬರಿಗೇ ‘ಬಂತು’ ಎಂದು ಮರುಬರೆದಳು.

ವಾರದ ರಜೆಯ ಸಂಜೆ ಮ್ಯಾನೇಜರ್ ಫೋನ್ ಮಾಡಿದ. “ನಾಳೆ ಬಾಯ್ಲರ್ ರಿಪೇರಿ. ಯಾರೂ ಬರೋದು ಬೇಡ ಅಂತ ಹೇಳ್ಬಿಡಿ.” ಪ್ರೋಗ್ರಾಂ ಓಡಿತು. ಪರದೆಯಲ್ಲಿ ನಲವತ್ತೆರಡು ಸಾಲು, ಎಲ್ಲದರ ಕೊನೆಗೂ ‘ಸ್ವೀಕರಿಸಲಾಗಿದೆ’.

ಬೆಳಿಗ್ಗೆ ಐದೂವರೆಗೆ ಕಾವಲುಗಾರನ ಫೋನ್. “ಮೇಡಂ, ಎಲ್ರೂ ಬಂದಿದಾರೆ. ನನ್ ಮುಖಕ್ಕೇ ಕೈ ಆಡಿಸ್ತಿದಾರೆ. ಏನ್ ಮಾಡ್ಲಿ?”

ಚಳಿಯಲ್ಲಿ ನಲವತ್ತೊಂದು ಜನ. ಕೆಲವರು ಗಂಟೆಗಟ್ಟಲೆ ನಡೆದು ಬಂದವರು. ಅಕ್ಕ ಮನೆಯಲ್ಲಿ ಹೊದ್ದು ಮಲಗಿದ್ದಳು.

ಕಾರಣ ಆಮೇಲೆ ಸಿಕ್ಕಿತು. ಕಳೆದ ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ನಂಬರಿಗೆ ಏನಾದರೂ ಬರೆದವರಿಗೆ ಮಾತ್ರ ನಮಗೆ ತೋಚಿದ್ದನ್ನು ಕಳಿಸಬಹುದು. ಉಳಿದವರಿಗೆ ಕಂಪನಿ ಮೊದಲೇ ಓದಿ ಒಪ್ಪಿದ ಒಕ್ಕಣೆಯ ನಮೂನೆಯೇ ಆಗಬೇಕು. ಅವಳ ನಮೂನೆಯ ಅರ್ಜಿ ಎರಡು ಸಲ ವಾಪಸಾಯಿತು, ಯಾಕೆಂದು ಯಾರೂ ಹೇಳಲಿಲ್ಲ. ‘ಸ್ವೀಕರಿಸಲಾಗಿದೆ’ ಎಂದರೆ ಕಂಪನಿ ತೆಗೆದುಕೊಂಡಿದೆ ಎಂದಷ್ಟೇ. ಸಂದೇಶ ತಲುಪಲಿಲ್ಲ ಎಂಬ ಸುದ್ದಿ ಬೇರೆ ಕಡೆ ಬರುತ್ತಿತ್ತು. ಪ್ರೋಗ್ರಾಂ ಅತ್ತ ನೋಡುತ್ತಲೇ ಇರಲಿಲ್ಲ.

ಮರುದಿನ ಒಗೆಯುವ ಕೋಣೆಯಲ್ಲಿ ಎಲ್ಲರಿಗೂ ಕೈಯಲ್ಲಿ ವಿವರಿಸಿದಳು.

“ಅಲ್ಲಮ್ಮಾ, ನಾವಾಗೇ ಮಾತಾಡಿಸದಿದ್ರೆ ಅದು ಮಾತಾಡಲ್ವಾ?” ಎಂದಿತು ಚಾದರ ಮಡಿಸುವ ಮುದುಕನ ಕೈ. “ಥೇಟ್ ನಮ್ಮ ಬೀಗರು.”

ಎಲ್ಲರೂ ನಕ್ಕರು, ಒಗೆಯುವ ಯಂತ್ರದ ಹೆಂಗಸೊಬ್ಬಳನ್ನು ಬಿಟ್ಟು. “ಅದೆಲ್ಲ ಇರ್ಲಿ. ನಿಮ್ಮಕ್ಕಂಗೆ ಮಾತ್ರ ಹೆಂಗೆ ಬಂತು?”

ಆ ‘ಬಂತು’ಗಳ ಕತೆಯನ್ನು ಹೇಳಿದಳು. ಹೇಳಿದಷ್ಟೂ ಅದು ಕಟ್ಟುಕತೆಯಂತೆಯೇ ಕಂಡಿತು. ಹದಿನೇಳು ವರ್ಷ ಒಬ್ಬರ ಪಾಳಿಯನ್ನೂ ಅಕ್ಕನಿಗಾಗಿ ಆಚೀಚೆ ಮಾಡಿದವಳಲ್ಲ.

ದಿನಾ ಸಂಜೆ ಎಲ್ಲರೂ ಆ ನಂಬರಿಗೆ ಒಂದು ಚುಕ್ಕಿ ಕಳಿಸಬೇಕೆಂದು ತೀರ್ಮಾನವಾಯಿತು. ಏಳೆಂಟು ಜನ ದಿನವೂ ಮರೆತರು. ಅವರಿಗೆಲ್ಲ ತನ್ನ ಫೋನಿನಿಂದ, ಪಟ್ಟಿ ಕಟ್ಟಿದ ಹೆಬ್ಬೆರಳಲ್ಲೇ, ‘ಚುಕ್ಕಿ ಕಳಿಸಿ’ ಎಂದು ಟೈಪ್ ಮಾಡಿದಳು. ಟೈಪ್ ಮಾಡುವುದು ತಪ್ಪಲೆಂದು ಬರೆದ ಪ್ರೋಗ್ರಾಂ ಅದು.

ಮೂರು ವಾರಕ್ಕೆ ಬಾಯ್ಲರ್ ಮತ್ತೆ ಕೆಟ್ಟಿತು. ಈ ಸಲ ನಲವತ್ತೆರಡೂ ಸಂದೇಶ ತಲುಪಿದ ಗುರುತು ಬಂತು. ಆದರೂ ಸಮಾಧಾನವಾಗದೆ ಐದೂವರೆಗೆ ಗೇಟಿಗೆ ಹೋದಳು. ಹನ್ನೊಂದು ಜನ ನಿಂತಿದ್ದರು, ಕೈಯ ಫೋನಿನಲ್ಲಿ ಅವಳದೇ ಸಂದೇಶ.

“ನಿಜಾನೋ ಸುಳ್ಳೋ ನೋಡ್ಕೊಂಡ್ ಹೋಗೋಣ ಅಂತ,” ಎಂದಳು ಒಗೆಯುವ ಹೆಂಗಸು.

ಅವಳ ಹಿಂದೆ, ಶಾಲು ಹೊದ್ದು, ಅಕ್ಕ.

ಗುಮಾಸ್ತೆ ಸಿಟ್ಟಿನಿಂದ ಕೈಯಾಡಿಸಿದಳು. “ನೀನ್ಯಾಕೆ ಸಾಯೋಕೆ ಬಂದೆ? ಮನೇಲೇ ಹೇಳಿದ್ನಲ್ಲ!”

“ಇವತ್ತೂ ನಾನು ಮಲಗಿದ್ರೆ,” ಎಂದವು ಅಕ್ಕನ ಬೆರಳುಗಳು, “ಮುಂದಿನ ಸಲ ಅಷ್ಟೂ ಜನ ಬರ್ತಿದ್ರು ಕಣೇ.”

ಒಗೆಯುವ ಹೆಂಗಸು ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಫೋನ್ ಚೀಲಕ್ಕೆ ಹಾಕಿ ಬಸ್ ನಿಲ್ದಾಣದ ಕಡೆ ನಡೆದಳು.