ಹೊಂಡದ ನೀರು ನೀಲಿಯಾದ ಸುದ್ದಿ

ಗಜೇಂದ್ರಗಡದ ಗುಡ್ಡದ ಹಿಂದೆ ಬೆಳಕು ಮೂಡುವ ಹೊತ್ತಿಗೆ ಸಿದ್ದಲಿಂಗವ್ವ ನೆಲದ ಮೇಲೆ ಬೋರಲು ಮಲಗಿರುತ್ತಾಳೆ. ಹೊಸಬರು ಕಂಡರೆ ಮುದುಕಿಗೆ ಏನೋ ಆಗಿಹೋಯಿತೆಂದು ಗಾಬರಿಬೀಳಬೇಕು. ಆಕೆಗೆ ಏನೂ ಆಗಿರುವುದಿಲ್ಲ. ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಹರವಿಯ ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿ, ಒಳಗಿನ ನೀಲಿ ಬಣ್ಣದ ವಾಸನೆ ನೋಡುತ್ತಿರುತ್ತಾಳೆ. ವಾಸನೆ ಒಪ್ಪಿಗೆಯಾದರೆ ಬೆರಳದ್ದಿ ನಾಲಿಗೆಯ ತುದಿಗೆ ತಾಗಿಸಿ ಥೂ ಎಂದು ಉಗುಳುತ್ತಾಳೆ. ಆಮೇಲೆ, "ಎದ್ದೀಯವ್ವಾ?" ಎಂದು ಹರವಿಯನ್ನೇ ಮಾತಾಡಿಸುತ್ತಾಳೆ.

ಸೀರೆ ನೇಯ್ದವನ ಹೆಸರು ನಾಲ್ಕು ಊರಿಗೆ ಗೊತ್ತಿರುತ್ತದೆ. ಅದರ ನೂಲಿಗೆ ಬಣ್ಣ ಕೊಟ್ಟವಳು ಯಾರೆಂದು ಪಕ್ಕದ ಓಣಿಯವರೂ ಕೇಳುವುದಿಲ್ಲ. ನರೇಗಲ್ಲಿನ ಸಂತೆಯಲ್ಲಿ, ಮುಶಿಗೇರಿಯ ಹೊಲಗಳಲ್ಲಿ ನೀಲಿ ಸೀರೆಯುಟ್ಟು ಓಡಾಡುವವರಲ್ಲಿ ಎಷ್ಟೋ ಜನ ಉಟ್ಟಿರುವುದು ಈ ಮನೆಯ ಹರವಿಯಲ್ಲಿ ಮುಳುಗೆದ್ದ ನೂಲನ್ನೇ. ಸಿದ್ದಲಿಂಗವ್ವನ ಕೈಗಳು ಮೊಳಕೈತನಕ ನೀಲಿ. "ನಮ್ಮತ್ತಿ ಸತ್ತಾಗ ಕೈ ತಿಕ್ಕಿ ತಿಕ್ಕಿ ತೊಳದ್ವಿರಿ, ಹೋಗಲಿಲ್ಲ. ಹಂಗ ಕಳಿಸಿಕೊಟ್ವಿ" ಎಂದು ನಗುತ್ತಾಳೆ.

ರೋಣದಿಂದ ಸೊಸೆಯಾಗಿ ಬಂದಾಗ ಈ ವಾಸನೆಗೆ ಆಕೆಗೆ ಊಟವೇ ಸೇರುತ್ತಿರಲಿಲ್ಲವಂತೆ. ಅತ್ತೆ ಕಲ್ಲವ್ವ ಪಕ್ಕದಲ್ಲಿ ಕೂಡಿಸಿಕೊಂಡು ಕೆಲಸ ಕಲಿಸಿದಳು. ನೀಲಿಯ ಬಿಲ್ಲೆ ತರಲು ಊರೂರು ತಿರುಗುತ್ತಿದ್ದ ಗಂಡ ಮಹಾಲಿಂಗಪ್ಪ ಹಾದಿಯಲ್ಲೇ ಜ್ವರ ಬಂದು ತೀರಿಕೊಂಡ. ಅಂದಿನಿಂದ ಬಿಲ್ಲೆ ಅರೆಯುವುದು, ಸುಣ್ಣ ಕಲಸುವುದು, ತಗಚೆ ಬೀಜ ಕುದಿಸುವುದು, ನೂಲು ಅದ್ದಿ ಹಿಂಡುವುದು, ಎಲ್ಲ ಒಬ್ಬಳದೇ. ಸುಣ್ಣಕ್ಕೆ ಅಂಗೈ ಬಿರಿಯುತ್ತದೆ, ನಡು ಹಿಡಿದುಕೊಳ್ಳುತ್ತದೆ. ನೆಂಟರ ಮದುವೆಗೆ ಹೋದರೆ ಪಕ್ಕದಲ್ಲಿ ಕೂತವರು ಮೆಲ್ಲಗೆ ಆಚೆ ಸರಿಯುತ್ತಾರೆ. "ಸರೀಲಿ ಬಿಡ್ರಿ, ನನಗ ಕಾಲು ಚಾಚಾಕ ಜಾಗ ಆತು" ಎನ್ನುತ್ತಾಳೆ.

ಈ ಮನೆಗೆ ಒಂದು ಕಟ್ಟುಪಾಡಿದೆ. ಯಾರೇ ಬರಲಿ, ಮೊದಲು ಕೂಡಬೇಕು, ಒಂದು ತಂಬಿಗೆ ನೀರು ಕುಡಿಯಬೇಕು, ಮಾತು ಆಮೇಲೆ. ಇದರಲ್ಲಿ ಮಡಿ ಮೈಲಿಗೆಯ ಮಾತಿಲ್ಲ. ಬೆಲ್ಲ, ಸುಣ್ಣ, ಬೀಜದ ನೀರು ಕೂಡಿ ಹುಳಿತು ಹರವಿ ಜೀವ ಹಿಡಿಯಬೇಕು. ಮೇಲಿಂದ ಮೇಲೆ ಗಾಳಿ ಹೊಕ್ಕರೆ ಅದು ಮಂಕಾಗುತ್ತದೆ, ನೂಲಿಗೆ ಬಣ್ಣ ಹತ್ತುವುದಿಲ್ಲ. "ಗಡಿಬಿಡಿ ಮಾಡವರ ಕೈ ಸುಮ್ಮ ಇರೂದಿಲ್ಲರಿ, ಸೀದಾ ಮುಚ್ಚಳಕ್ಕ ಹೋಗ್ತೈತಿ. ಅದಕ್ಕ ಕೈಗೆ ತಂಬಿಗಿ ಕೊಡೂದು."

ದಸರೆ ಮುಗಿದು ದೀಪಾವಳಿ ಎದುರಿಗೆ ಬಂತೆಂದರೆ ಆ ಕಟ್ಟುಪಾಡು ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಹಬ್ಬದೊಳಗೆ ಸೀರೆ ಆಗಬೇಕು, ಎಲ್ಲರಿಗೂ ಮೊದಲು ಬಣ್ಣ ಬೇಕು. ಈ ವರ್ಷ ಎಲ್ಲರಿಗಿಂತ ಹೆಚ್ಚು ಬೆಂದವನು ನೇಕಾರ ಗವಿಸಿದ್ದಪ್ಪ. ಮಗಳು ಕಳಕವ್ವನಿಗೆ ಮದುವೆಯಾದ ಮೇಲೆ ಇದು ಮೊದಲ ದೀಪಾವಳಿ. ತನ್ನ ಮಗ್ಗದಲ್ಲೇ ನೇಯ್ದ ಕಡುನೀಲಿಯ ಚಂದ್ರಕಾಳಿ ಸೀರೆ ಉಡಿಸುತ್ತೇನೆಂದು ಬೀಗರ ಮುಂದೆ ಮಾತು ಕೊಟ್ಟು ಕೂತಿದ್ದಾನೆ. ನೇಕಾರನೇ ಮಗಳಿಗೆ ಪೇಟೆಯ ಸೀರೆ ಕೊಟ್ಟರೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ದಿನಕ್ಕೆ ನಾಲ್ಕು ಸಲ ಬಂದು, ನಿಂತಲ್ಲೇ ನಿಂತು, "ಅಕ್ಕಾರ, ಆತೇನ್ರಿ?" ಎಂದು ಕೇಳುತ್ತಿದ್ದ.

ಒಂದು ಮಧ್ಯಾಹ್ನ ಸಿದ್ದಲಿಂಗವ್ವ ಹಿತ್ತಲಲ್ಲಿ ಬೀಜ ಕುದಿಸುತ್ತಿದ್ದಳು. ಕಲಕಿದರೆ ಲಗೂ ಆದೀತೆಂದು ಗವಿಸಿದ್ದಪ್ಪ ಕೋಲು ಹಾಕಿ ಹರವಿಯನ್ನು ಗರಗರ ತಿರುವಿಬಿಟ್ಟ. ಮರುದಿನ ಬೆಳಗ್ಗೆ ಆಕೆ ಬೋರಲು ಮಲಗಿ ಮೂಸಿದರೆ ವಾಸನೆಯಲ್ಲಿ ಜೀವವೇ ಇಲ್ಲ. ಹರವಿ ಸತ್ತರೆ ಊರಿನ ಯಾವ ಮಗ್ಗಕ್ಕೂ ಹಬ್ಬದೊಳಗೆ ನೀಲಿ ಇಲ್ಲ, ಅರೆದು ಹಾಕಿದ ಬಿಲ್ಲೆಯೆಲ್ಲ ಗಟಾರದ ಪಾಲು.

ಗವಿಸಿದ್ದಪ್ಪ ತಾನೇ ಒಪ್ಪಿಕೊಂಡು ತಲೆ ತಗ್ಗಿಸಿ ನಿಂತ. ಆಕೆ ಬೈಯಲಿಲ್ಲ. "ಬೈದ್ರ ಅದೇನು ಎದ್ದೀತೇನು? ಮನೀಗೆ ಹೋಗು ತಮ್ಮಾ" ಎಂದಳು. ಒಂದು ಹೆಂಟೆ ಬೆಲ್ಲ, ಒಂದಿಷ್ಟು ಬೀಜದ ನೀರು ಹಾಕಿ, ಮುಚ್ಚಳದ ಮೇಲೆ ಕೌದಿ ಹೊದಿಸಿದಳು. ಇನ್ನು ಬೇಕಾದದ್ದು ಒಂದೇ, ಅದರ ತಂಟೆಗೆ ಯಾರೂ ಹೋಗಬಾರದು. ಹಬ್ಬದ ದಿನಗಳಲ್ಲಿ ಅದು ಆಗುವ ಮಾತೇ?

ಅದಕ್ಕೆಂದೇ ಬಣ್ಣ ಹಾಕುವವರ ಮನೆಗಳಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇದೆ. ಹರವಿ ಮಲಗಿದರೆ ಊರೊಳಗೆ ಒಂದು ಸುಳ್ಳು ಬಿಡಬೇಕು. ಅಷ್ಟರಲ್ಲಿ ಹತ್ತಿ ಹಿಂಜುವ ರಮಜಾನಸಾಬ ಬಿಲ್ಲು ಹೆಗಲಿಗೇರಿಸಿಕೊಂಡು ಓಣಿಯಲ್ಲಿ ಬಂದ. "ಸಾಬಣ್ಣ, ಕೇಳಿದೇನು? ಗುಡ್ಡದ ಮ್ಯಾಲಿನ ಕೋಟೆ ಹೊಂಡದ ನೀರು ನೀಲಿ ಆಗೈತಂತ. ನೂಲು ಅದ್ದಿದ್ರ ಬಣ್ಣ ಹತ್ತಾಕತ್ತೈತಂತ" ಎಂದಳು ಸಿದ್ದಲಿಂಗವ್ವ, ನಗು ಕಾಣದಂತೆ ಮುಖ ಬಿಗಿದುಕೊಂಡು.

ಬೊಂಬಾಯಿಯಲ್ಲಿ ಎತ್ತು ಕುದುರೆ ಇಲ್ಲದೆ ಉಗಿಯಿಂದ ಬಂಡಿ ಓಡುತ್ತಿದೆ ಎಂದು ಇದೇ ರಮಜಾನಸಾಬ ಬೇಸಿಗೆಯಲ್ಲಿ ಹೇಳಿದ್ದ. ಆಗ ಇಡೀ ಊರು ಅವನನ್ನು ಗೇಲಿ ಮಾಡಿತ್ತು. ಹೊಂಡದ ಸುದ್ದಿಯನ್ನು ಮಾತ್ರ ಒಬ್ಬರೂ ಅನುಮಾನಿಸಲಿಲ್ಲ. ಬಿಸಿಲೇರುವಷ್ಟರಲ್ಲಿ ಮಗ್ಗಗಳ ಸದ್ದು ನಿಂತಿತು. ಎಲ್ಲರಿಗಿಂತ ಮುಂದೆ, ಬಿಳಿ ನೂಲಿನ ಲಡಿ ಕಂಕುಳಲ್ಲಿಟ್ಟುಕೊಂಡು ಗುಡ್ಡ ಹತ್ತಿದವನು ಗವಿಸಿದ್ದಪ್ಪ. ಅವನು ಅದ್ದಿದ ನೂಲು ಹೋದಷ್ಟೇ ಬೆಳ್ಳಗೆ ಮೇಲೆ ಬಂತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಗೂ ಹತ್ತಿ ಬಂದಾಗಿತ್ತು. ಬಂಡೆಗಳ ನೆರಳಲ್ಲಿ ಕೂತು, ತಂದ ರೊಟ್ಟಿ ಹಂಚಿಕೊಂಡು ತಿಂದು, ಹೊತ್ತು ಇಳಿದ ಮೇಲೆಯೇ ಕೆಳಗಿಳಿದರು.

ಮರುದಿನವೂ ಒಬ್ಬರೂ ಸಿದ್ದಲಿಂಗವ್ವನ ಮನೆ ಕಡೆ ಸುಳಿಯಲಿಲ್ಲ. ಬಂದರೆ ಮೋಸಹೋದೆವೆಂದು ಒಪ್ಪಿಕೊಂಡಂತೆ, ಆ ನಾಚಿಕೆ. ಆಕೆ ಎರಡು ದಿನ ಗೋಡೆಗೊರಗಿ ಕೂತು ಎಲೆ ಅಡಿಕೆ ಹಾಕಿಕೊಂಡಳು. ಮೂರನೆಯ ಬೆಳಗ್ಗೆ ಮುಚ್ಚಳ ಸರಿಸಿದರೆ ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟಿತ್ತು, ಹರವಿ ಎದ್ದ ಗುರುತು. ಸಿದ್ದಲಿಂಗವ್ವನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು.

ಸುಳ್ಳಿನ ಕಾವಿಗೇ ಹರವಿ ಏಳುತ್ತದೆ ಎಂದು ಅತ್ತೆ ನಂಬಿದ್ದಳಂತೆ. ಸೊಸೆಯ ಲೆಕ್ಕ ಬೇರೆ. "ಹರವಿಗೇನು ಕಿವಿ ಅದಾವೇನ್ರಿ? ಎರಡು ದಿನ ಯಾರೂ ಮುಟ್ಟಲಿಲ್ಲಂದ್ರ ತಾನ ಎದ್ದು ಕುಂದ್ರತೈತಿ. ಮಂದೀನೂ ಹಂಗರಿ. ಹಬ್ಬದಾಗ ಸುಮ್ಮ ಕುಂದ್ರರಿ ಅಂದ್ರ ಯಾರು ಕೇಳ್ತಾರ? ಸುಳ್ಳು ಹೇಳಿ ಕೂಡಸಬೇಕು."

ಇವತ್ತು ಗವಿಸಿದ್ದಪ್ಪ ಬಂದಿದ್ದಾನೆ. ಯಾರೂ ಹೇಳದೆಯೇ ಕೂತು ನೀರು ಕುಡಿಯುತ್ತಾನೆ. ಸಿದ್ದಲಿಂಗವ್ವ ಅವನ ನೂಲನ್ನು ಮುಳುಗಿಸಿ ಎತ್ತುತ್ತಾಳೆ. ಹಸಿರಾಗಿ ಮೇಲೆ ಬಂದ ಲಡಿ ಗಾಳಿ ಸೋಕುತ್ತಲೇ ನೀಲಿಯಾಗುತ್ತದೆ. ಹಬ್ಬದೊಳಗೆ ನೇಯಲು ದಿನಗಳಿವೆ.

"ಸಿಟ್ಟು ಬಂದಿತ್ರಿ ಅಕ್ಕಾರ," ಎನ್ನುತ್ತಾನೆ. "ಆದ್ರ ಮ್ಯಾಲೆ ಗಾಳಿ ಭಾಳ ಚಲೋ ಇತ್ರಿ. ದಸರಾ ಆದಮ್ಯಾಲೆ ಮೊದಲನೇ ಸಲ ಕಣ್ಣು ತುಂಬ ನಿದ್ದಿ ಬಂತು."

"ಅಲ್ಲಿಂದ ನಮ್ಮ ಮನಿ ಕಾಣತೈತೇನು?" ಸಿದ್ದಲಿಂಗವ್ವ ಕೇಳುತ್ತಾಳೆ. ಆ ಗುಡ್ಡದ ಬುಡದಲ್ಲೇ ಬಾಳು ಕಳೆದವಳು ಒಮ್ಮೆಯೂ ಅದನ್ನು ಹತ್ತಿಲ್ಲ. "ಊರ ಮಂದೀನೆಲ್ಲ ಹತ್ತಿಸೇನಿ. ನಾನೂ ಒಮ್ಮಿ ಹೋಗಿ ಸುಮ್ಮ ಕುಂತು ಬರಬೇಕಂತ ಆಸೆ ಐತಿ. ಹರವಿ ಬಿಟ್ಟು ಕಾಲು ಏಳೂದಿಲ್ಲ ನೋಡಪಾ."

ಗವಿಸಿದ್ದಪ್ಪ ಹಸಿ ನೂಲನ್ನು ಗಳಕ್ಕೆ ಹರವುತ್ತಾನೆ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಪಾಡ್ಯದ ಮರುದಿನ ಹೊಂಡದ ನೀರು ಹಳದಿ ಆಗ್ತೈತಂತ್ರಿ ಅಕ್ಕಾರ. ರಮಜಾನಸಾಬ ಹೇಳಾಕತ್ತಿದ್ದ. ನಮ್ಮ ಕಳಕವ್ವ ಹೊಸಾ ಸೀರಿ ಉಟ್ಕೊಂಡು ನೋಡಾಕ ಹೊಂಟಾಳ. ಜೋಡಿ ಯಾರರ ಬೇಕಂತ."

ಸಿದ್ದಲಿಂಗವ್ವ ಅವನನ್ನೇ ನೋಡುತ್ತಾಳೆ. ಆಮೇಲೆ ಬಾಗಿ, ಹರವಿಯ ಮುಚ್ಚಳವನ್ನು ಮೆಲ್ಲಗೆ ಎಳೆದು ಮುಚ್ಚುತ್ತಾಳೆ.

"ಖರೇ ಏನು? ಹಂಗಾರ ಹೋಗಿ ನೋಡಾಕ ಬೇಕಲ್ಲಪಾ."